ನಾಲ್ಕೇ ನಾಲ್ಕು ಬಟನ್

ಹದಿನಾಲ್ಕು ಜನರಲ್ಲಿ ಹದಿನಾಲ್ಕೂ ಜನ ಪಾಸಾದರು. ಒಬ್ಬರೂ ತಪ್ಪು ಒತ್ತಲಿಲ್ಲ, ಒಬ್ಬರೂ ಹಿಂದಿನ ಪುಟಕ್ಕೆ ಹೋಗಲಿಲ್ಲ, ಒಬ್ಬರೂ "ಇದೇನು ಚಿತ್ರ?" ಎಂದು ಕೇಳಲಿಲ್ಲ. ಹದಿನಾರು ವರ್ಷದ ನನ್ನ ಕಸುಬಿನಲ್ಲಿ ಇಂಥ ಗುರುವಾರ ಬಂದಿರಲಿಲ್ಲ. ಕೊನೆಯವರು ಬಾಗಿಲು ದಾಟಿದ್ದೇ ತಡ, ಮೇಜಿನ ಮೇಲಿದ್ದ ಕಾಗದದ ಚೂರುಗಳನ್ನೆಲ್ಲ ಬಾಚಿ ಮೇಲಕ್ಕೆಸೆದು ಕುಣಿದೇಬಿಟ್ಟೆ. ಮೂವತ್ತೊಂಬತ್ತರ ಹೆಂಗಸು ಕುಣಿದರೆ ಹಳೇ ಕಟ್ಟಡದ ಮೊದಲ ಮಹಡಿ ಸುಮ್ಮನಿರುವುದಿಲ್ಲ. ಕೆಳಗಿನ ಎಲೆಕ್ಟ್ರಿಕ್ ಅಂಗಡಿಯವರು ಕೋಲಿನಿಂದ ಸೂರಿಗೆ ಎರಡು ಸಲ ಕುಟ್ಟಿ ತಮ್ಮ ಅಭಿಪ್ರಾಯ ತಿಳಿಸಿದರು.

ನನ್ನ ಕೆಲಸ ಏನೆಂದು ನೆಂಟರಿಗೆ ವಿವರಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ. ಯುಎಕ್ಸ್ ಡಿಸೈನರ್ ಅಂದರೆ "ಓ, ಕಂಪ್ಯೂಟರಾ?" ಅನ್ನುತ್ತಾರೆ. ಹೌದು ಅಂದರೆ ಕೆಟ್ಟುಹೋದ ಪ್ರಿಂಟರ್ ತಂದು ಮುಂದಿಡುತ್ತಾರೆ. ಆದ್ದರಿಂದ ಈಚೆಗೆ ಲಿಫ್ಟಿನ ಕತೆ ಹೇಳುತ್ತೇನೆ. ಬಾಗಿಲು ತೆರೆಯುವ ಬಟನ್ನನ್ನೂ ಮುಚ್ಚುವ ಬಟನ್ನನ್ನೂ ಅವಳಿ ಮಕ್ಕಳಂತೆ ಅಕ್ಕಪಕ್ಕ ಕೂರಿಸಿ, ಓಡಿಬರುತ್ತಿರುವ ಪಕ್ಕದ ಮನೆಯವರ ಮೂಗಿನ ಮೇಲೇ ನಾವು ಬಾಗಿಲು ಮುಚ್ಚುವಂತೆ ಮಾಡಿದ್ದಾನಲ್ಲ ಒಬ್ಬ ಪುಣ್ಯಾತ್ಮ, ಅವನ ಜೊತೆ ಜಗಳವಾಡುವುದೇ ನನ್ನ ಕೆಲಸ. ತಪ್ಪು ಒತ್ತಿದವರದಲ್ಲ, ಹಾಗೆ ಜೋಡಿಸಿದವನದು. ಈ ಒಂದು ಮಾತಿಗಾಗಿ ನಾನು ಎಷ್ಟೋ ಮ್ಯಾನೇಜರುಗಳ ಮುಂದೆ ಮೇಜು ಗುದ್ದಿದ್ದೇನೆ, ಎರಡು ನೌಕರಿ ಬಿಟ್ಟಿದ್ದೇನೆ, ಕೊನೆಗೆ ಈ ಎರಡು ಕೋಣೆಯ ಆಫೀಸು ತೆರೆದಿದ್ದೇನೆ.

ಈ ಸಲದ ಕೆಲಸ ಒಂದು ಆಸ್ಪತ್ರೆಯದು. ಗಂಟಲಿನ ಆಪರೇಷನ್ ಆದವರಿಗೆ ಉಸಿರಾಡಲು ಕತ್ತಿನಲ್ಲಿ ನಳಿಕೆ ಹಾಕಿರುತ್ತಾರೆ. ಎರಡು ವಾರ ಮಾತು ಬಂದ್. ಅಂಥವರು ತಮಗೆ ಬೇಕಾದ್ದನ್ನು ಹೇಳಲು ಹಾಸಿಗೆಯ ಪಕ್ಕ ಒಂದು ಪರದೆ ಬೇಕು, ಮುಟ್ಟಿದರೆ ನರ್ಸಿಗೆ ಗೊತ್ತಾಗಬೇಕು ಎಂದು ಕೇಳಿದ್ದರು. ನಾನು ಆರು ಪುಟಗಳಲ್ಲಿ ನಲವತ್ತು ಚಿತ್ರ ಬರೆದಿದ್ದೆ. ನೀರು, ದಿಂಬು, ನೋವು, ಸೆಕೆ, ಚಳಿ, ಫ್ಯಾನು, ಮನೆಯವರು, ಹೀಗೆ. ತಿಂಗಳಿಡೀ ಬರೆದ ಚಿತ್ರಗಳು. ಕೇಳದಿದ್ದರೂ ಹೇಳುತ್ತೇನೆ, ದಿಂಬಿನ ಚಿತ್ರವಂತೂ ನೋಡಿದರೆ ನಿದ್ದೆ ಬರುವಷ್ಟು ಚೆನ್ನಾಗಿತ್ತು.

ಆದರೆ ನಾನು ಕುಣಿದದ್ದು ಚಿತ್ರಕ್ಕಲ್ಲ. ಮುಂದಿನ ಶುಕ್ರವಾರ ಆ ವಾರ್ಡಿಗೆ ಸೇರುವವರಲ್ಲಿ ನಮ್ಮಕ್ಕನೂ ಒಬ್ಬಳು.

ನಮ್ಮಕ್ಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಇಪ್ಪತ್ತಾರು ವರ್ಷದಿಂದ ಎಡಗಡೆ ಸೀಟಿನಲ್ಲಿ ಕೂತು, ಕಾಲ ಬಳಿ ತನ್ನದೇ ಒಂದು ಬ್ರೇಕ್ ಇಟ್ಟುಕೊಂಡು, ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದ್ದಾಳೆ. ಅವಳ ಧ್ವನಿ ಕಾರಿನ ಗಾಜು ಏರಿಸಿದ್ದರೂ ಎದುರಿನ ಪಾದಚಾರಿ ಮಾರ್ಗಕ್ಕೆ ಕೇಳಿಸುತ್ತದೆ. "ಕ್ಲಚ್! ಕ್ಲಚ್ ಬಿಡು ಅಂದ್ರೆ ಬಿಡೋದು, ಯೋಚ್ನೆ ಮಾಡೋದಲ್ಲ!" ಎಂದು ಅವಳು ಗದರಿಸಿದರೆ ಪಕ್ಕದ ಕಾರಿನವರೂ ಕ್ಲಚ್ ಬಿಡುತ್ತಾರೆ. ಅಂಥವಳ ಧ್ವನಿಪೆಟ್ಟಿಗೆಯ ಪಕ್ಕದಲ್ಲೇ ಗಂಟು ಬೆಳೆದಿತ್ತು. ತೆಗೆಯಬೇಕು, ಎರಡು ವಾರ ನಳಿಕೆ, ಆಮೇಲೆ ಧ್ವನಿ ಎಷ್ಟು ಬರುತ್ತದೋ ನೋಡೋಣ ಎಂದರು ಡಾಕ್ಟರು. ಅಕ್ಕ ಎಲ್ಲ ಕೇಳಿಸಿಕೊಂಡು, ಆಸ್ಪತ್ರೆಯಿಂದ ಹೊರಬಂದು, ಕಾರಿನ ಬೀಗ ತೆಗೆಯುವಾಗ ನನಗೆ ಒಂದೇ ಮಾತು ಹೇಳಿದಳು.

"ನಾನು ಮಲಗಿರ್ತೀನಿ. ಇವರೆಲ್ಲ ನನ್ನ ತಲೆ ಮೇಲೆ ನಿಂತ್ಕೊಂಡು ನನ್ನ ವಿಷಯ ತೀರ್ಮಾನ ಮಾಡ್ತಾರೆ. ನಿನ್ ಭಾವ ಪಕ್ಕದಲ್ಲಿ ನಿಂತು ತಲೆ ಆಡಿಸ್ತಾರೆ. ಅದೊಂದು ಆಗ್ದಿರೋ ಹಾಗೆ ನೋಡ್ಕೋ ಮರಿ. ಉಳಿದಿದ್ದು ನಾನು ನೋಡ್ಕೋತೀನಿ."

ಭಾವ ಬಂಗಾರದಂಥ ಮನುಷ್ಯ. ಆದರೆ ಯಾರು ಏನೇ ಹೇಳಿದರೂ ಅವರ ಕತ್ತು ತಾನಾಗಿ ಮೇಲೆ ಕೆಳಗೆ ಆಡುತ್ತದೆ. ಅಂಗಡಿಯವನು ಎರಡು ಸೈಜ್ ದೊಡ್ಡ ಚಪ್ಪಲಿ ಕೊಟ್ಟು "ಸರಿಯಾಗಿದೆ" ಅಂದರೂ ತಲೆಯಾಡಿಸಿ ಮನೆಗೆ ತರುತ್ತಾರೆ.

ಅದಕ್ಕೇ ಆ ಗುರುವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹದಿನಾಲ್ಕಕ್ಕೆ ಹದಿನಾಲ್ಕು! ಅಕ್ಕನಿಗೆ ಫೋನ್ ಮಾಡಿ, "ನೀನು ಮಾತಾಡೋದಕ್ಕಿಂತ ಜೋರಾಗಿ ಮಾತಾಡ್ತೀಯ, ನೋಡ್ತಿರು" ಎಂದು ಜಂಬ ಕೊಚ್ಚಿಕೊಂಡೆ.

ನಮ್ಮ ಪರೀಕ್ಷೆಯ ವಿಧಾನ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಮಾನ ಹೇಗೆ ಹೋಯಿತೆಂದು ತಿಳಿಯುವುದಿಲ್ಲ. ಮೊದಲಿಗೆ ಎಲ್ಲವೂ ಕಾಗದ. ಒಂದೊಂದು ಪುಟವನ್ನೂ ಕೈಯಲ್ಲಿ ಬರೆದು ಕತ್ತರಿಸಿ ಮೇಜಿನ ಮೇಲಿಡುತ್ತೇವೆ. ಬಂದವರಿಗೆ ಒಂದು ಚೀಟಿ ಕೊಡುತ್ತೇವೆ. "ನೀವು ಆಸ್ಪತ್ರೆಯಲ್ಲಿದ್ದೀರಿ. ಮಾತಾಡುವಂತಿಲ್ಲ. ದಿಂಬು ಎತ್ತರವಾಯಿತು ಎಂದು ನರ್ಸಿಗೆ ತಿಳಿಸಿ." ಅವರು ಚಿತ್ರವನ್ನು ಬೆರಳಿನಿಂದ ಮುಟ್ಟಿದರೆ ಆ ಹಾಳೆ ತೆಗೆದು ಮುಂದಿನ ಹಾಳೆ ಇಡಬೇಕು. ಹಾಳೆ ಬದಲಿಸುವವರೇ ಆ ಹೊತ್ತಿಗೆ ಕಂಪ್ಯೂಟರ್. ಕಂಪ್ಯೂಟರ್ ಮಾತಾಡಬಾರದು. "ಅಲ್ಲಲ್ಲ, ಪಕ್ಕದ್ದು" ಅನ್ನಬಾರದು. ಕಣ್ಣೆದುರೇ ಜನ ಹಳ್ಳಕ್ಕೆ ಬೀಳುತ್ತಿದ್ದರೂ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು, ಏಕೆಂದರೆ ಅವರು ಎಲ್ಲಿ ಬೀಳುತ್ತಾರೆ ಎಂದು ನೋಡಲಿಕ್ಕೇ ನಾವು ಕೂತಿರುವುದು. ನನ್ನಂಥ ಬಾಯಿಬಡುಕಿಗೆ ಅದು ಘೋರ ತಪಸ್ಸು. ಆದರೂ ಹದಿನಾರು ವರ್ಷದಲ್ಲಿ ಪರೀಕ್ಷೆಯ ಮೇಜಿನಲ್ಲಿ ನನ್ನ ಬಾಯಿಂದ ಒಂದು ಶಬ್ದ ಹೊರಬಿದ್ದಿಲ್ಲ. ಹೊಸಬರಿಗೆ ಪಾಠ ಹೇಳುವಾಗ ಇದನ್ನು ಎದೆಯುಬ್ಬಿಸಿ ಹೇಳುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ಪೇಂಟರ್ ಊಟ ಮಾಡುತ್ತಾ ಆ ಹದಿನಾಲ್ಕು ಜನರ ಪರೀಕ್ಷೆಯ ವಿಡಿಯೋ ನೋಡುತ್ತಿದ್ದರು. ಪೇಂಟರ್ ನನ್ನ ಆಫೀಸಿನ ಪಾಲುದಾರರು, ಐವತ್ತೈದು ದಾಟಿದವರು. ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವರು. ಫ್ಲೆಕ್ಸ್ ಬಂದು ಕುಂಚ ಮೂಲೆ ಸೇರಿದಾಗ ನನ್ನ ಜೊತೆ ಬಂದರು. "ಓಡೋ ಬಸ್ಸಲ್ಲಿ ನಿಂತಿರೋನಿಗೆ ಓದಕ್ಕೆ ಬರ್ಬೇಕು" ಎಂಬುದಷ್ಟೇ ಅವರ ಸಿದ್ಧಾಂತ, ಅದರಲ್ಲೇ ನಮ್ಮ ಅರ್ಧ ಕೆಲಸ ನಡೆಯುತ್ತದೆ. ಊಟದ ಹೊತ್ತಿಗೆ ಗಲಾಟೆ ಬೇಡವೆಂದು ಅವರು ಧ್ವನಿ ಆರಿಸಿಟ್ಟು ನೋಡುತ್ತಿದ್ದರು.

"ಮೇಡಂ, ಒಂದ್ನಿಮಿಷ ಬನ್ನಿ. ಇವರೆಲ್ಲ ಹಾಳೆ ನೋಡ್ತಾನೇ ಇಲ್ವಲ್ಲ."

"ಮತ್ತೇನು ನೋಡ್ತಿದ್ದಾರೆ?"

"ನಿಮ್ಮನ್ನ."

ನಾನು ಬಗ್ಗಿ ನೋಡಿದೆ. ಪರದೆಯಲ್ಲಿ ಕನ್ನಡಕದ ಒಬ್ಬ ಮೇಷ್ಟ್ರು. ಬೆರಳು ಫ್ಯಾನಿನ ಚಿತ್ರದತ್ತ ಹೋಗುತ್ತದೆ. ಮುಟ್ಟುವ ಮುನ್ನ ಕಣ್ಣೆತ್ತಿ ಎದುರಿಗೆ ಕೂತ ನನ್ನನ್ನು ನೋಡುತ್ತಾರೆ. ನನ್ನ ಹುಬ್ಬು ಎರಡೂ ಹಣೆಯ ಮೇಲಕ್ಕೆ ಹೋಗಿ ಕೂತಿವೆ. ಬೆರಳು ಹಿಂದೆ ಸರಿಯುತ್ತದೆ. ನೀರಿನ ಹತ್ತಿರ ಬರುತ್ತದೆ. ನಾನು ಉಸಿರು ಬಿಗಿಹಿಡಿದು ತುಟಿ ಕಚ್ಚಿದ್ದೇನೆ. ದಿಂಬಿನ ಹತ್ತಿರ ಬರುತ್ತದೆ. ನನ್ನ ಗಲ್ಲ ಕೆಳಗಿಳಿಯುತ್ತದೆ, ಕಣ್ಣು ಅರಳುತ್ತದೆ, ಭುಜ ಸಡಿಲವಾಗುತ್ತದೆ. ಮೇಷ್ಟ್ರು ಒತ್ತುತ್ತಾರೆ. ಪಾಸು!

ಪೇಂಟರ್ ಮುಂದಿನವರನ್ನು ಹಾಕಿದರು. ಅದೇ. ಅದರ ಮುಂದಿನವರು. ಅದೇ. ಹದಿನಾಲ್ಕೂ ಜನ ನನ್ನ ಮುಖವನ್ನು ಪುಸ್ತಕದಂತೆ ಓದಿ ಪಾಸಾಗಿದ್ದರು. ಬಾಯಿ ಮುಚ್ಚಿಕೊಂಡಿದ್ದೆ, ನಿಜ. ಮುಖ ಬೀದಿಗೆಲ್ಲ ಕೇಳುವಂತೆ ಕೂಗುತ್ತಿತ್ತು.

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಬರಬೇಕೋ ಅವರ ಮೇಲೆ ಬರದೆ ಪೇಂಟರ್ ಮೇಲೆ ಬಂತು.

"ಊಟ ಮಾಡೋವಾಗ ಯಾರಾದ್ರೂ ವಿಡಿಯೋ ನೋಡ್ತಾರಾ? ಅನ್ನ ಸರಿಯಾಗಿ ಅರಗೋದಾದ್ರೂ ಹೇಗೆ?"

"ನನಗೆ ಅರಗುತ್ತೆ ಮೇಡಂ. ನಿಮಗೇ ಅರಗ್ಲಿಲ್ಲ ಅನ್ಸುತ್ತೆ," ಎಂದರು ಅವರು, ಸಮಾಧಾನವಾಗಿ ಕೈ ತೊಳೆಯಲು ಎದ್ದು.

ಶನಿವಾರ ಮತ್ತೆ ಪರೀಕ್ಷೆ. ಈ ಸಲ ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ, ಬಾಗಿಲು ಹಾಕಿಸಿದೆ. ಹಾಳೆ ಬದಲಿಸುವ ಕೆಲಸ ಪೇಂಟರ್‌ಗೆ. ಅವರ ಮುಖ ಹುಟ್ಟಿದಾಗಿನಿಂದ ಒಂದೇ ಥರ ಇದೆ, ನೆಂಟರ ಮದುವೆಯ ಫೋಟೋಗಳಲ್ಲಿ ಹುಡುಕಿದರೂ ಬೇರೆ ಮುಖ ಸಿಗುವುದಿಲ್ಲ. ಆರು ಜನ ಹೋದರು, ಆರು ಜನ ಬಂದರು. ಪಾಸಾದದ್ದು ಒಬ್ಬರು, ಅದೂ ಕಣ್ಣುಮುಚ್ಚಿ ಒತ್ತಿದ್ದು ತಾಗಿದ್ದಕ್ಕೆ. ಕೊನೆಯವರು ನಮ್ಮ ಭಾವ. ನಾಲ್ಕು ನಿಮಿಷ ಆರೂ ಪುಟ ಸುತ್ತಾಡಿ, ದಿಂಬು ಇಳಿಸಿ ಎನ್ನುವ ಬದಲು ಬೆಡ್‌ಪ್ಯಾನ್ ತರಿಸಿಕೊಂಡು, ಹೊರಗೆ ಬಂದು ನನ್ನ ಕೈ ಕುಲುಕಿದರು.

"ತುಂಬಾ ಚೆನ್ನಾಗಿದೆ ಕಣಮ್ಮ. ಸುಲಭವಾಗಿದೆ."

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಆರೇ ದಿನ ಉಳಿದಿತ್ತು. ಅಕ್ಕನಿಗೆ ಫೋನ್ ಮಾಡಿ ಕೊಚ್ಚಿಕೊಂಡ ಜಂಬ ನೆನೆದು ಕಿವಿ ಬಿಸಿಯಾಯಿತು. ಭಾನುವಾರವಿಡೀ ಮನೆಯಲ್ಲಿ ಯಾರು ಮಾತಾಡಿಸಿದರೂ ಹರಿಹಾಯ್ದೆ.

ಸೋಮವಾರ ಬೆಳಿಗ್ಗೆ ಒಂದು ಪಾಠಕ್ಕೂ ಇನ್ನೊಂದು ಪಾಠಕ್ಕೂ ನಡುವಿನ ಬಿಡುವಿನಲ್ಲಿ ಅಕ್ಕ ಆಫೀಸಿಗೆ ಬಂದಳು. ಕಾರು ಎಷ್ಟು ನೇರವಾಗಿ ನಿಂತಿತ್ತೆಂದರೆ ಎರಡೂ ಚಕ್ರಕ್ಕೂ ಕಟ್ಟೆಗೂ ನಡುವೆ ಒಂದೇ ಅಳತೆ. ನಾನು ನಡೆದದ್ದನ್ನೆಲ್ಲ ಹೇಳಿ, ತಲೆ ತಗ್ಗಿಸಿ, ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಅವಳಿಗೆ ಕುರ್ಚಿ ಎಳೆದೆ. ಅವಳು ಕುರ್ಚಿ ನೋಡಿದಳು, ಮೇಜು ನೋಡಿದಳು, ಚಪ್ಪಲಿ ಬಿಟ್ಟಳು, ಮೇಜು ಹತ್ತಿ ಅಂಗಾತ ಮಲಗಿಬಿಟ್ಟಳು. ದಿಂಬು, ಫ್ಯಾನು, ನೀರು ಎಲ್ಲ ಅವಳ ಬೆನ್ನ ಕೆಳಗೆ ಅಪ್ಪಚ್ಚಿಯಾದವು.

"ಅಕ್ಕಾ! ಏನ್ ಮಾಡ್ತಿದ್ದೀಯ?"

"ಅಲ್ಲಿ ನಾನು ಹೀಗೆ ತಾನೇ ಇರೋದು? ಕೂತ್ಕೊಂಡು ಫೈಲ್ ನೋಡ್ತಿರ್ತೀನಾ? ತೋರ್ಸು ನಿನ್ನ ಚಿತ್ರ. ನನಗೆ ಸೂರು ಬಿಟ್ರೆ ಏನೂ ಕಾಣ್ತಿಲ್ಲ. ಅಲ್ಲೊಂದು ಜೇಡರಬಲೆ ಇದೆ, ಗುಡಿಸಲ್ವಾ ನೀವು?"

ಪೇಂಟರ್ ಮುಖದಲ್ಲಿ ಒಂದು ಗೆರೆ ಅಲುಗಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ನನಗಾದರೋ ಬೆನ್ನಹುರಿಯಲ್ಲಿ ಏನೋ ಜುಮ್ಮೆಂದು ಹರಿಯಿತು. ಈ ಕಸುಬಿನಲ್ಲಿ ಇರುವವರಿಗೆ ಗೊತ್ತು ಆ ಜುಮ್ಮು. ತಿಂಗಳಿಡೀ ಕಟ್ಟಿದ್ದು ಕಣ್ಣೆದುರು ಕುಸಿಯುತ್ತಿರುತ್ತದೆ, ಹೊಟ್ಟೆ ಉರಿಯುವ ಬದಲು ಕುಣಿಯಬೇಕೆನಿಸುತ್ತದೆ, ಏಕೆಂದರೆ ನಿಜ ಈಗ ಕೈಗೆ ಸಿಗುವಷ್ಟು ಹತ್ತಿರ ಬಂದಿದೆ. ನಾನು ಪೆನ್ನು ಹುಡುಕಿದೆ. ಅದು ನನ್ನ ಕೂದಲಲ್ಲೇ ಸಿಕ್ಕಿಕೊಂಡಿತ್ತು.

"ಸರಿ. ಪೇಂಟರೇ, ನೀವು ನರ್ಸು. ಅಕ್ಕಾ, ನೀನು ಮಾತಾಡೋ ಹಾಗಿಲ್ಲ. ದಿಂಬು ಇಳಿಸ್ಬೇಕು ಅಂತ ಹೇಳು. ಏನಾದ್ರೂ ಮಾಡು."

ಪೇಂಟರ್ ಕಿಟಕಿಯ ಕಡೆ ತಿರುಗಿ ಔಷಧಿ ಬೆರೆಸುವವರಂತೆ ಬಣ್ಣದ ಡಬ್ಬಿ ಅಲ್ಲಾಡಿಸುತ್ತಾ ನಿಂತರು. ಅಕ್ಕ ಕಣ್ಣು ಬಿಟ್ಟಳು, ಕೈ ಬೀಸಿದಳು, ಮೂಗು ಸೊಟ್ಟ ಮಾಡಿದಳು. ಅವರು ತಿರುಗಲೇ ಇಲ್ಲ. ಹತ್ತು ಎಣಿಸುವಷ್ಟರಲ್ಲಿ ಅಕ್ಕನ ತಾಳ್ಮೆ ಮುಗಿದು, ಮೇಜನ್ನು ಅಂಗೈಯಲ್ಲಿ ಫಟ್ಟೆಂದು ಬಾರಿಸಿದಳು. ಪೇಂಟರ್ ಬೆಚ್ಚಿಬಿದ್ದು ತಿರುಗಿದರು.

"ಇದೇ!" ಎಂದು ನಾನು ಕಿರುಚಿದೆ. ಕೆಳಗಿನವರು ಕೋಲಿನಿಂದ ಕುಟ್ಟಿದರು. ಕುಟ್ಟಲಿ. ಮಾತು ಬರುವವರ ಮಾತು ಮೊದಲು ಕರೆಯುತ್ತದೆ, ಆಮೇಲೆ ಹೇಳುತ್ತದೆ. ನನ್ನ ಚಿತ್ರಗಳು ಹೇಳುವುದನ್ನು ಮಾತ್ರ ಕಲಿತಿದ್ದವು, ಕರೆಯುವುದನ್ನು ಕಲಿತಿರಲಿಲ್ಲ. ಬೆನ್ನು ತಿರುಗಿಸಿದವರಿಗೆ ನಲವತ್ತು ಚಿತ್ರ ತೋರಿಸಿದರೇನು, ನಾಲ್ಕು ಸಾವಿರ ತೋರಿಸಿದರೇನು?

"ಆಮೇಲೆ? ತಿರುಗಿದ್ರು ಅಂತ ಇಟ್ಕೋ. ದಿಂಬು ಅಂತ ಹೇಗೆ ಹೇಳ್ತೀಯ?"

"ನಾನ್ಯಾಕೆ ಹೇಳ್ಲಿ? ಅವರು ಕೇಳ್ಲಿ," ಎಂದಳು ಅಕ್ಕ, ಸೂರನ್ನೇ ನೋಡುತ್ತಾ. "ಕಾರಲ್ಲಿ ನಾನು ಪ್ರವಚನ ಕೊಡ್ತೀನಾ? ಹುಡುಗಿ ಗೇರಿಗೆ ಕೈ ಹಾಕ್ತಾಳೆ, ನನ್ನ ನೋಡ್ತಾಳೆ, ಹೂಂ ಅಂತೀನಿ. ತಪ್ಪಾದ್ರೆ ಊಹೂಂ ಅಂತೀನಿ. ಅಷ್ಟೇ. ರಸ್ತೆ ಕಾಣೋದು ಅವಳಿಗೆ, ಕಾಲಿರೋದು ಅವಳಿಗೆ, ಕೆಲಸ ಅವಳೇ ಮಾಡ್ಲಿ. ನರ್ಸಿಗೆ ಕಣ್ಣಿಲ್ವಾ, ಬಾಯಿಲ್ವಾ? ಹುಷಾರಿಲ್ಲದೇ ಮಲಗಿರೋಳ ಕೈಯಲ್ಲಿ ನಲವತ್ತು ಚಿತ್ರ ಹುಡುಕ್ಸ್ತೀಯಲ್ಲೇ, ಕರುಣೆ ಇಲ್ವಾ ನಿನಗೆ?"

ನಾನು ಅವಳ ಬೆನ್ನಡಿಯಿಂದ ಹಾಳೆಗಳನ್ನು ಎಳೆದು ಹರಿಯತೊಡಗಿದೆ. ನೀರು ಹರಿದೆ, ಫ್ಯಾನು ಹರಿದೆ. ದಿಂಬಿನ ಚಿತ್ರಕ್ಕೆ ಬಂದಾಗ ಕೈ ಒಂದು ಕ್ಷಣ ತಡೆಯಿತು, ಸುಳ್ಳೇಕೆ ಹೇಳಲಿ. ಅದನ್ನೂ ಹರಿದೆ. ಎಷ್ಟು ಹಗುರವಾಯಿತು ಗೊತ್ತೇ! ಇಡೀ ತಿಂಗಳು ನಾನು ಕೇಳಿಕೊಂಡದ್ದು ರೋಗಿಗೆ ಏನೇನು ಹೇಳಬೇಕಾಗುತ್ತದೆ ಎಂದು. ಕೇಳಬೇಕಾಗಿದ್ದದ್ದು, ಪಕ್ಕದಲ್ಲಿ ನಿಂತವರೇ ಪ್ರಶ್ನೆ ಕೇಳುವಂತೆ ಮಾಡುವುದು ಹೇಗೆ ಎಂದು. ಪ್ರಶ್ನೆಯೇ ತಿರುವುಮುರುವು!

ಮಂಗಳವಾರ ಆ ವಾರ್ಡಿನ ಹಿರಿಯ ಸಿಸ್ಟರನ್ನೇ ಆಫೀಸಿಗೆ ಕರೆಸಿದೆ. ಇಪ್ಪತ್ತು ವರ್ಷ ಅದೇ ವಾರ್ಡಿನಲ್ಲಿ ಕಳೆದವರು, ಮಾತು ಕಡಿಮೆ, ನಡಿಗೆ ಜೋರು. ಅಕ್ಕ ಮತ್ತೆ ಮೇಜಿನ ಮೇಲೆ. ಈ ಸಲ ಕೈಯ ಕೆಳಗೆ ಒಂದು ಹಲಗೆ, ಅದರ ಮೇಲೆ ಪೇಂಟರ್ ಅಂಟಿಸಿದ ಮೂರು ರಟ್ಟಿನ ತುಂಡು. ಕರೆಯಲು ಒಂದು, ಹೂಂ ಒಂದು, ಊಹೂಂ ಒಂದು. ಒತ್ತಿದಾಗ ಶಬ್ದ ಮಾಡುವ ಕೆಲಸ ಪೇಂಟರ್‌ದು. ನಾನು ಬೀರುವಿನ ಹಿಂದೆ, ನನ್ನ ಮುಖ ಯಾರಿಗೂ ಕಾಣದ ಕಡೆ.

"ನೋವಾ?" "ಊಹೂಂ." "ಸೆಕೆನಾ?" "ಊಹೂಂ." "ಮಲಗಿರೋದು ಸರಿಯಿಲ್ವಾ?" "ಹೂಂ." "ದಿಂಬು ಎತ್ತರ ಆಯ್ತಾ?" "ಹೂಂ." ಎಣಿಸಿದೆ, ಒಂಬತ್ತು ಸೆಕೆಂಡು! ಬೀರುವಿನ ಹಿಂದೆ ನಾನು ನನ್ನ ಕೈಯನ್ನೇ ಕಚ್ಚಿಕೊಂಡು ಸುಮ್ಮನಿದ್ದೆ. ಸಿಸ್ಟರ್ ದಿಂಬು ಸರಿಮಾಡಿ, "ಆಯ್ತಲ್ಲ," ಎಂದು ಹೊರಟರು. ನಾವು ಅಕ್ಕನಿಗೆ ಕೊಟ್ಟ ಚೀಟಿಯಲ್ಲಿ ಎರಡು ವಿಷಯ ಇತ್ತು. ದಿಂಬು ಒಂದು, ಕಿಟಕಿ ಇನ್ನೊಂದು. ಅಕ್ಕ ಹೂಂ ಒತ್ತಿದಳು, ಊಹೂಂ ಒತ್ತಿದಳು, ಕರೆಯುವುದನ್ನೂ ಒತ್ತಿದಳು, ಕೆಲಸ ಮುಗಿಯಿತೆಂದುಕೊಂಡ ಸಿಸ್ಟರ್ ಆಗಲೇ ಬಾಗಿಲಲ್ಲಿ. ಕೊನೆಗೆ ಅಕ್ಕ ಕೈಗೆ ಸಿಕ್ಕ ಡಸ್ಟರನ್ನು ಅವರ ಬೆನ್ನಿಗೆ ಎಸೆದಳು.

"ಅಯ್ಯೋ, ಏನ್ರೀ ಇದು!"

"ನಂದಿನ್ನೂ ಮುಗಿದಿಲ್ಲ ಸಿಸ್ಟರ್! ಒಂದು ಕೇಳ್ಕೊಂಡು ಹೊರಟೇಬಿಟ್ರಲ್ಲ!"

ಸಿಸ್ಟರ್ ನಿಂತಲ್ಲೇ ನಿಂತರು. ಡಸ್ಟರ್ ಎತ್ತಿ ತಂದು ಅಕ್ಕನ ಕೈಗೇ ಕೊಟ್ಟರು.

"ದಿನಾ ಹೀಗೇ ಹೊರಟುಬಿಡ್ತೀನಿ ಅನ್ಸುತ್ತೆ," ಎಂದರು ಮೆಲ್ಲಗೆ. "ಅಲ್ಲಿ ಮಲಗಿರೋರಿಗೆ ಎಸೆಯೋಕೆ ಏನೂ ಇರಲ್ಲ, ಅಷ್ಟೇ."

ನಾಲ್ಕನೆಯ ಬಟನ್ ಹುಟ್ಟಿದ್ದು ಹಾಗೆ.

ಬುಧವಾರ ಕೆಳಗಿನ ಅಂಗಡಿಗೆ ಇಳಿದು, ನಮ್ಮ ಕುಣಿತಕ್ಕೆಲ್ಲ ಕ್ಷಮೆ ಕೇಳಿ, ನಾಲ್ಕು ಕಾಲಿಂಗ್ ಬೆಲ್ ತಂದೆವು. ಒತ್ತಿದರೆ ನಾವೇ ಮುದ್ರಿಸಿಟ್ಟ ಧ್ವನಿ ಕೇಳಿಸುವಂಥವು. ಅಂಗಡಿಯವರು ವಿಷಯ ಕೇಳಿ ತಾವೇ ಮೇಲೆ ಬಂದು ಹಲಗೆಗೆ ಜೋಡಿಸಿಕೊಟ್ಟರು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗಲೆಂದು ಪೇಂಟರ್ ಕರೆಯುವುದರ ಮೇಲೆ ಬಾಟಲಿಯ ಮುಚ್ಚಳ, ಊಹೂಂ ಮೇಲೆ ಸ್ಯಾಂಡ್‌ಪೇಪರ್, ಇನ್ನೊಂದರ ಮೇಲೆ ಸುತ್ತಿದ ಹುರಿ ಅಂಟಿಸಿದರು. ಹೂಂ ಅನ್ನುವುದನ್ನು ನುಣ್ಣಗೆ ಬಿಟ್ಟರು. ಆಮೇಲೆ ಅಕ್ಕನ ಧ್ವನಿ ಮುದ್ರಿಸಿಕೊಳ್ಳುವ ಕೆಲಸ. ಆ ಹೊತ್ತಿಗೆ ಅವಳ ಕಾರಿನಲ್ಲಿ ಒಬ್ಬರು ಕಾಯುತ್ತಿದ್ದರು, ಆದ್ದರಿಂದ ಎಲ್ಲವೂ ಅವಸರದಲ್ಲಿ, ಗದರುವ ಧಾಟಿಯಲ್ಲೇ ಬಂದವು.

"ರೀ! ಇಲ್ನೋಡಿ!"

"ಹೂಂ!"

"ಊಹೂಂ!"

"ತಾಳಿ, ಇನ್ನೂ ಇದೆ!"

"ಅಕ್ಕಾ, ಹೂಂ ಅನ್ನೋದನ್ನ ಸ್ವಲ್ಪ ಮೆತ್ತಗೆ ಹೇಳೇ. ಯಾರನ್ನೋ ಹೊಡೆಯೋಕೆ ಹೊರಟ ಹಾಗಿದೆ."

"ನನ್ನ ಹೂಂ ಇರೋದೇ ಹೀಗೆ. ಬೇಕಾದ್ರೆ ಇಟ್ಕೋ," ಎಂದು ಅವಳು ದಡದಡ ಮೆಟ್ಟಿಲಿಳಿದಳು.

ಗುರುವಾರ ಬೀದಿಯಿಂದ ಏಳು ಜನ ಅಪರಿಚಿತರನ್ನು ಕರೆತಂದು ಮೇಜಿನ ಮೇಲೆ ಮಲಗಿಸಿದೆವು. ನಾನು ಮೆಟ್ಟಿಲ ಮೇಲೆ, ಬಾಗಿಲು ಹಾಕಿ. ಒಳಗಿನಿಂದ ಅಕ್ಕನ ಧ್ವನಿ ಏಳು ಬೇರೆ ಬೇರೆ ಜನರ ಬೆರಳಿನಿಂದ ಹೊರಟು ಬರುತ್ತಿತ್ತು. ಇಲ್ನೋಡಿ! ಊಹೂಂ! ಹೂಂ! ತಾಳಿ! ಕೊನೆಗೆ ಪೇಂಟರ್ ಬಾಗಿಲು ತೆರೆದು ಏಳು ಬೆರಳು ತೋರಿಸಿದರು. ಕುಣಿಯಲಿಲ್ಲ. ಮೆಟ್ಟಿಲಿಗೆ ಒರಗಿ ಕೂತು ಹುಚ್ಚಿಯಂತೆ ಒಬ್ಬಳೇ ನಗುತ್ತಿದ್ದೆ.

ಶುಕ್ರವಾರ ಆಪರೇಷನ್ ಆಯಿತು. ಎರಡು ದಿನ ಅಕ್ಕ ಹೆಚ್ಚಾಗಿ ನಿದ್ದೆಯಲ್ಲೇ ಇದ್ದಳು. ಸಿಸ್ಟರ್ ಹಲಗೆಯನ್ನು ಅವಳ ಬಲಗೈ ಕೆಳಗೆ ಪಟ್ಟಿ ಹಾಕಿ ಕಟ್ಟಿದ್ದರು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ದೊಡ್ಡ ಡಾಕ್ಟರು ಬಂದರು. ಆರು ಮಂಚದ ವಾರ್ಡು, ಬಿಳಿ ಗೋಡೆ, ಕಿಟಕಿಯಿಂದ ಬಿಸಿಲು ನೆಲದ ಅರ್ಧಕ್ಕೆ ಬಂದಿತ್ತು. ಭಾವ ಮಂಚದ ಪಕ್ಕ ನಿಂತಿದ್ದರು. ನಾನು ಅಕ್ಕನ ತಲೆದೆಸೆಯ ಹಿಂದೆ, ಗೋಡೆಗೆ ಅಂಟಿಕೊಂಡು ನಿಂತೆ. ಅವಳಿಗೆ ನಾನು ಕಾಣಬಾರದು, ನನ್ನ ಹುಬ್ಬು ಅವಳ ಬೆರಳನ್ನು ಆಡಿಸಬಾರದು. ಇಷ್ಟು ದಿನ ಪರೀಕ್ಷೆ ಮಾಡಿದ್ದು ಮೇಜಿನ ಮೇಲೆ, ಬೇರೆಯವರ ಮೇಲೆ. ಇದು ನಿಜವಾದದ್ದು.

ಡಾಕ್ಟರು ಒಳ್ಳೆಯವರೇ. ಫೈಲ್ ನೋಡಿದರು, ನಳಿಕೆ ನೋಡಿದರು, ಆಮೇಲೆ ಭಾವನ ಕಡೆ ತಿರುಗಿ, ಅಕ್ಕನ ಮೇಲಿನಿಂದಲೇ ಮಾತು ಶುರು ಮಾಡಿದರು.

"ಗಂಟು ಪೂರ್ತಿ ತೆಗೆದಿದ್ದೀವಿ, ಅದರ ಚಿಂತೆ ಬೇಡ. ಧ್ವನಿ ಎಷ್ಟು ವಾಪಸ್ ಬರುತ್ತೆ ಅಂತ ಮಾತ್ರ ಈಗ್ಲೇ ಹೇಳಕ್ಕಾಗಲ್ಲ. ಇವರದ್ದು ದಿನವಿಡೀ ಕೂಗೋ ಕೆಲಸ. ಡ್ರೈವಿಂಗ್ ಸ್ಕೂಲ್ ಬೇರೆ ಯಾರಿಗಾದ್ರೂ ವಹಿಸಿಬಿಡೋದು ಒಳ್ಳೇದು, ಅಲ್ವಾ?"

ಭಾವನ ಕತ್ತು ಮೇಲೆ ಹೋಯಿತು, ಕೆಳಗೆ ಬಂತು. "ಹೌದು ಡಾಕ್ಟ್ರೇ. ನೀವು ಹೇಳಿದ ಹಾಗೇ."

ನನ್ನ ಬಾಯಿ ತೆರೆದಿತ್ತು. ಹಲ್ಲು ಕಚ್ಚಿ ಮುಚ್ಚಿಕೊಂಡೆ. ಅಕ್ಕನ ಬೆರಳು ಹಲಗೆಯ ಮೇಲೆ ತಡವಿತು, ಸ್ಯಾಂಡ್‌ಪೇಪರ್ ಮುಟ್ಟಿತು, ದಾಟಿತು, ಮುಚ್ಚಳ ಸಿಕ್ಕಿತು.

"ರೀ! ಇಲ್ನೋಡಿ!"

ಡಾಕ್ಟರ ಕೈಯಿಂದ ಪೆನ್ನು ಹಾರಿಹೋಯಿತು. ಆರೂ ಮಂಚದವರು ತಿರುಗಿದರು. ಭಾವ ಅಭ್ಯಾಸಬಲದಿಂದ "ಬಂದೆ" ಎಂದುಬಿಟ್ಟರು. ಡಾಕ್ಟರು ಅಕ್ಕನ ಮುಖ ನೋಡಿದರು, ಮುಚ್ಚಿದ ಬಾಯಿ ನೋಡಿದರು, ಹಲಗೆ ನೋಡಿದರು.

"ನೋವಿದ್ಯಾ?"

"ಊಹೂಂ!"

"ನೀರು...?"

"ಊಹೂಂ!"

ಹಿಂದೆ ನಿಂತಿದ್ದ ಸಿಸ್ಟರ್ ಗಂಟಲು ಸರಿಮಾಡಿಕೊಂಡರು. "ಸ್ಕೂಲ್ ವಿಷಯವಾ?"

"ಹೂಂ!"

"ಬೇರೆಯವರಿಗೆ ಕೊಡ್ತೀರಾ?"

"ಊಹೂಂ!"

"ಧ್ವನಿ ಬರೋ ತನಕ ಮುಚ್ಚಿರ್ತೀರಾ?" ಎಂದರು ಡಾಕ್ಟರು. ಈಗ ಅವರು ಬಗ್ಗಿ ಅಕ್ಕನನ್ನೇ ಕೇಳುತ್ತಿದ್ದರು.

"ಊಹೂಂ!"

"ಮತ್ತೆ? ಧ್ವನಿ ಇಲ್ದೇನೇ ಕಲಿಸ್ತೀರಾ?"

"ಹೂಂ!"

ಡಾಕ್ಟರು ನಕ್ಕರು. ಸ್ಟೂಲ್ ಎಳೆದು ಕೂತರು. "ಆಯ್ತಮ್ಮ. ನಿಮ್ಮನ್ನ ಕೇಳದೆ ಏನೂ ಮಾಡಲ್ಲ. ಸರಿನಾ?" ಎಂದರು. ಹೂಂ ಬಂತು. ಗೋಡೆಗೆ ಒರಗಿದ ನನಗೆ ಕಣ್ಣಲ್ಲಿ ನೀರು ಬಂದು, ಬಿದ್ದು ಬಿದ್ದು ನಗಬೇಕೆನಿಸಿ, ಎಲ್ಲ ಒಟ್ಟಿಗೆ ಆಯಿತು. ಅವಳು ಕೇಳಿದ್ದ ಒಂದು ಆಸೆ ಈಡೇರಿತ್ತು! ಅವಳ ತಲೆಯ ಮೇಲಿನ ಮಾತು ಅವಳ ಎದುರಿಗೆ ಇಳಿದು ಬಂದಿತ್ತು! ಡಾಕ್ಟರು ಏಳುವುದರಲ್ಲಿದ್ದರು.

"ತಾಳಿ, ಇನ್ನೂ ಇದೆ!"

ಡಾಕ್ಟರು ಮತ್ತೆ ಕೂತು ಐದಾರು ಪ್ರಶ್ನೆ ಕೇಳಿದರು. ನಿದ್ದೆ? ಊಟದ ನಳಿಕೆ? ಮನೆಗೆ ಯಾವಾಗ ಅಂತಲಾ? ಎಲ್ಲಕ್ಕೂ ಊಹೂಂ. ಭಾವ ತಾವೂ ಕೇಳಿದರು, ಕಾರಿನ ಬೀಗದ ಕೈಯಾ, ಇನ್ಶೂರೆನ್ಸಾ ಎಂದು. ಊಹೂಂ, ಊಹೂಂ. ಇನ್ನು ತಡೆಯಲಾಗಲಿಲ್ಲ. ನಾನು ಗೋಡೆ ಬಿಟ್ಟು ಮುಂದೆ ಬಂದು ಅವಳ ಎದುರಿಗೆ ನಿಂತೆ.

"ನನ್ನ ಹತ್ರ ಹೇಳೋದಾ ಅಕ್ಕಾ?"

"ಹೂಂ!"

ಡಾಕ್ಟರು ಪಕ್ಕದ ಮಂಚಕ್ಕೆ ಹೋದರು. ನಾನು ಬಗ್ಗಿದೆ. ಹಲಗೆ ಸರಿ ಇಲ್ವಾ? ಊಹೂಂ. ಭಾವನ್ನ ಬೈಬೇಕಾ? ಬೆರಳು ಸ್ವಲ್ಪ ಯೋಚಿಸಿತು, ಊಹೂಂ. ಪ್ರಶ್ನೆಗಳು ಮುಗಿಯುತ್ತಾ ಬಂದವು. ಹೀಗೆ ಒಂದೊಂದಾಗಿ ಕೇಳುತ್ತಾ ಹೋದಾಗ, ನನಗೆ ಗೊತ್ತಿದ್ದ ಅಕ್ಕನ ವಿಷಯಗಳೆಲ್ಲ ಕಾರು, ಸ್ಕೂಲು, ಮನೆ ಇಷ್ಟಕ್ಕೇ ಮುಗಿದುಹೋದದ್ದು ಕಂಡು ನನಗೇ ನಾಚಿಕೆಯಾಯಿತು. ಆಗ, ಏನು ಹೊಳೆಯಿತೋ, ಹುಟ್ಟಿದಂದಿನಿಂದ ಅವಳನ್ನು ಯಾರೂ ಕೇಳದ ಪ್ರಶ್ನೆಯೊಂದು ಬಾಯಿಗೆ ಬಂತು.

"ಅಕ್ಕಾ, ಹೆದರಿಕೆ ಆಗ್ತಿದ್ಯಾ?"

ಅವಳು ನನ್ನನ್ನೇ ನೋಡುತ್ತಿದ್ದಳು. ಬೆರಳು ನುಣ್ಣನೆಯ ಬಟನ್ ಮೇಲೆ ಬಂದು ನಿಂತಿತು. ಒತ್ತಲಿಲ್ಲ. ನಾನು ಕಾದೆ. ಭಾವ ತಲೆಯಾಡಿಸುವುದನ್ನು ಮರೆತು ನಿಂತಿದ್ದರು.

"ಹೂಂ!"

ಇಡೀ ವಾರ್ಡಿಗೆ ಕೇಳಿಸಿತು. ಬುಧವಾರದ ಅದೇ ಅವಸರ, ಕ್ಲಚ್ ಬಿಡದವರನ್ನು ಗದರುವ ಅದೇ ಗತ್ತು. ಧ್ವನಿ ಇದ್ದಷ್ಟು ದಿನ ಆ ಮಾತನ್ನು ಕೇಳಲು ಅವಳು ಯಾರಿಗೂ ಸಂದು ಕೊಟ್ಟಿರಲಿಲ್ಲ. ಐವತ್ತೊಂದು ವರ್ಷಕ್ಕೆ ನಮ್ಮಕ್ಕ ತನಗೆ ಹೆದರಿಕೆ ಎಂದು ಮೊದಲ ಸಲ ಹೇಳಿದಳು, ಅದನ್ನೂ ಗದರಿಸಿಯೇ ಹೇಳಿದಳು. ಡಾಕ್ಟರು ಬಿಟ್ಟುಹೋದ ಸ್ಟೂಲಿನ ಮೇಲೆ ಕೂತು, ಅವಳ ಎಡಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ನಾನು ಮುಂದಿನ ಪ್ರಶ್ನೆ ಕೇಳಿದೆ.